ಬ್ರೋ ಲ್ಯಾಮಿನೇಷನ್ ಮಾಡಿಸುವ ಮುನ್ನ: ಹಾಸನದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬ್ರೋ ಲ್ಯಾಮಿನೇಷನ್ ಎಂದರೆ ಒಂದಾದ ಮೇಲೊಂದು ಲೋಷನ್ ಹಚ್ಚಿ, ಹುಬ್ಬಿನ ಕೂದಲನ್ನು ಬೇಕಾದ ದಿಕ್ಕಿಗೆ ಬಾಗಿಸಿ ವಾರಗಟ್ಟಲೆ ಹಾಗೇ ನಿಲ್ಲಿಸುವುದು. ಮದುವೆ ಸೀಸನ್ ಬಂತೆಂದರೆ ಹಾಸನದ ಪಾರ್ಲರ್‌ಗಳಲ್ಲಿ ಮೂರು ದೂರು ಮತ್ತೆ ಮತ್ತೆ ಕೇಳಿಬರುತ್ತವೆ. ‘ಎರಡೇ ದಿನಕ್ಕೆ ಹುಬ್ಬು ಮೊದಲಿನ ಹಾಗೇ ಬಿದ್ದುಹೋಯಿತು.’ ‘ಕೂದಲ ತುದಿ ಸುಟ್ಟ ಹಾಗೆ ಸುರುಟಿಕೊಂಡಿದೆ.’ ‘ಹುಬ್ಬಿನ ಸುತ್ತ ಕೆಂಪಗಾಗಿ ತುರಿಸುತ್ತಿದೆ.’ ಮೊದಲನೆಯದು ಎರಡನೇ ಲೋಷನ್‌ಗೆ ಸಾಕಷ್ಟು ಸಮಯ ಕೊಡದ ತಪ್ಪು. ಎರಡನೆಯದು ಮೊದಲ ಲೋಷನ್ನನ್ನು ಹೆಚ್ಚು ಹೊತ್ತು ಬಿಟ್ಟ ತಪ್ಪು. ಮೂರನೆಯದಕ್ಕೆ ಕಾರಣ ಬಹುಪಾಲು ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಒಗ್ಗುತ್ತದೆಯೇ ಎಂದು ಮೊದಲೇ ಸ್ವಲ್ಪ ಹಚ್ಚಿ ನೋಡುವುದು) ಮಾಡದಿರುವುದು, ಇಲ್ಲವೇ ಅದೇ ದಿನ ಥ್ರೆಡ್ಡಿಂಗ್ ಮಾಡಿಸಿರುವುದು. ಯಾವುದನ್ನು ಯಾವಾಗ ಮಾಡಬೇಕು ಎಂಬುದು ಗೊತ್ತಿದ್ದರೆ ಮೂರನ್ನೂ ತಪ್ಪಿಸಬಹುದು.

ಕೆಲಸ ನಡೆಯುವುದು ಹೀಗೆ. ಕೂದಲಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಗಂಧಕದ ಬಂಧಗಳು ಹಿಡಿದಿಟ್ಟಿರುತ್ತವೆ. ಮೊದಲ ಲೋಷನ್‌ನಲ್ಲಿರುವ ಥಯೋಗ್ಲೈಕೋಲೇಟ್ ಅಥವಾ ಸಿಸ್ಟಿಯಮೀನ್ ಆ ಬಂಧಗಳನ್ನು ಬಿಡಿಸುತ್ತದೆ, ಕೂದಲು ಮೆತ್ತಗಾಗಿ ಬಾಚಿದ ಕಡೆಗೆ ಬಾಗುತ್ತದೆ. ಎರಡನೆಯ ಲೋಷನ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಸೋಡಿಯಂ ಬ್ರೋಮೇಟ್ ಆ ಬಂಧಗಳನ್ನು ಹೊಸ ದಿಕ್ಕಿನಲ್ಲೇ ಮತ್ತೆ ಕಟ್ಟುತ್ತದೆ. ತಲೆಕೂದಲಿಗೆ ಪರ್ಮಿಂಗ್ (ಗುಂಗುರು) ಮಾಡುವ ರಸಾಯನವೇ ಇದು, ಕಣ್ಣಿಗೆ ಒಂದೇ ಇಂಚು ದೂರದಲ್ಲಿ ಎಂಬುದಷ್ಟೇ ವ್ಯತ್ಯಾಸ. ಇದರಿಂದ ಒಂದೇ ಒಂದು ಹೊಸ ಕೂದಲೂ ಹುಟ್ಟುವುದಿಲ್ಲ.

ಹಂತ 1: ನಿಮ್ಮ ಹುಬ್ಬಿಗೆ ಇದು ಒಪ್ಪುತ್ತದೆಯೇ, ಮನೆಯಲ್ಲೇ ನೋಡಿ

ಬೇಕಾಗುವುದು ಒಂದು ಹೊಸ ಟೂತ್ ಬ್ರಶ್ ಮತ್ತು ಗ್ಲಿಸರಿನ್ ಸೋಪು. ಬ್ರಶ್ಶನ್ನು ಸ್ವಲ್ಪ ಒದ್ದೆ ಮಾಡಿ ಸೋಪಿನ ಮೇಲೆ ಎರಡು ಸಲ ಉಜ್ಜಿ, ಹುಬ್ಬಿನ ಕೂದಲನ್ನು ಬುಡದಿಂದ ಮೇಲಕ್ಕೆ ಬಾಚಿ. ಕಿಟಕಿಯ ಬೆಳಕಲ್ಲಿ ಕನ್ನಡಿ ಹಿಡಿದು ನೋಡಿ. ಲ್ಯಾಮಿನೇಷನ್ ಆದ ಮೇಲೆ ಹುಬ್ಬು ಹೆಚ್ಚೂಕಡಿಮೆ ಹೀಗೇ ಕಾಣುತ್ತದೆ.

ಕೂದಲು ಮೇಲಕ್ಕೆ ಹೋದಾಗ ಕೆಳಗಿನ ಸಾಲಿನಲ್ಲಿ ಬೋಳು ಜಾಗ ಕಂಡರೆ ಲ್ಯಾಮಿನೇಷನ್ ಆದ ಮೇಲೂ ಕಾಣುತ್ತದೆ. ಕೆಳಮುಖವಾಗಿ ಬೆಳೆಯುವ, ದಪ್ಪ, ಮಾತು ಕೇಳದ ಕೂದಲಿದ್ದವರಿಗೆ ಇದರಿಂದ ಹೆಚ್ಚು ಲಾಭ. ಪ್ರತಿ 15 ದಿನಕ್ಕೊಮ್ಮೆ ಥ್ರೆಡ್ಡಿಂಗ್ ಮಾಡಿಸಿ ಹುಬ್ಬನ್ನು ದಾರದಷ್ಟು ತೆಳ್ಳಗೆ ಇಟ್ಟುಕೊಂಡವರಿಗೆ ಬಾಗಿಸಲು ಕೂದಲೇ ಇರುವುದಿಲ್ಲ. ಅಂಥವರು ಮೊದಲು ಆರರಿಂದ ಎಂಟು ವಾರ ಹುಬ್ಬನ್ನು ಮುಟ್ಟದೆ ಬಿಡಬೇಕು.

ಹುಬ್ಬಿನ ಹೊರತುದಿ, ಅಂದರೆ ಕಿವಿಯ ಕಡೆಯ ಮೂರನೇ ಒಂದು ಭಾಗ, ತಾನಾಗಿ ಉದುರುತ್ತಿದ್ದರೆ ಪಾರ್ಲರ್‌ಗಿಂತ ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ನಾಣ್ಯದಂತೆ ದುಂಡಗೆ ಉದುರಿದ್ದರೆ, ಅಥವಾ ಅಲ್ಲಿ ಚರ್ಮ ತಿಳಿಬಣ್ಣಕ್ಕೆ ತಿರುಗಿ ಸ್ಪರ್ಶ ಗೊತ್ತಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಹಾಸನದವರಿಗೆ ಹಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗವಿದೆ.

ಹಂತ 2: ಮಾಡಿಸಬಾರದವರು, ಕಾಯಬೇಕಾದವರು

ಈ ಹಂತವನ್ನು ಎಲ್ಲರೂ ಹಾರಿಸಿ ಓದುತ್ತಾರೆ. ಹಾರಿಸಬೇಡಿ.

ಹೇರ್ ಡೈ ಅಥವಾ ಕಪ್ಪು ಮೆಹಂದಿ ಹಚ್ಚಿದಾಗ ಎಂದಾದರೂ ತುರಿಕೆ, ಗುಳ್ಳೆ, ಊತ ಆಗಿದ್ದರೆ ಪಾರ್ಲರ್‌ನವರು ಕೇಳದಿದ್ದರೂ ನೀವಾಗಿ ಹೇಳಿ. ಅದಕ್ಕೆ ಸಾಮಾನ್ಯ ಕಾರಣ ಪಿಪಿಡಿ ಎಂಬ ರಾಸಾಯನಿಕ. ಲ್ಯಾಮಿನೇಷನ್ ಜೊತೆಗೆ ಹುಬ್ಬಿಗೆ ಬಣ್ಣ ಕೊಡಲು ಹಾಕುವ ಹಲವು ಟಿಂಟ್‌ಗಳಲ್ಲೂ ಅದು ಅಥವಾ ಅದರ ಸಂಬಂಧಿಕರು ಇರುತ್ತಾರೆ. ಒಮ್ಮೆ ಅಲರ್ಜಿ ಬಂದರೆ ಅದು ಜೀವನಪೂರ್ತಿ ಉಳಿಯುವುದೇ ಹೆಚ್ಚು. ಇಂಥವರು ಟಿಂಟ್ ಬೇಡವೇ ಬೇಡ ಎನ್ನಬೇಕು.

ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮಾಡಿಸಬಾರದು. ನಿಲ್ಲಿಸಿದ ಮೇಲೂ ಆರು ತಿಂಗಳು ಕಾಯುವುದು ರೂಢಿ. ಟ್ರೆಟಿನಾಯಿನ್, ಅಡಾಪಲೀನ್, ರೆಟಿನಾಲ್, ಗ್ಲೈಕೋಲಿಕ್ ಆಸಿಡ್ ಇರುವ ಕ್ರೀಮು ಹಚ್ಚುವವರು ಕನಿಷ್ಠ ಒಂದು ವಾರ ಮೊದಲೇ ಹಣೆ, ಹುಬ್ಬಿನ ಸುತ್ತ ನಿಲ್ಲಿಸಬೇಕು.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಿಂದ ತಂದು ದಿನವೂ ಹಚ್ಚುವ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇರುವುದುಂಟು. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸೋಲ್ ಎಂಬ ಹೆಸರಿದ್ದರೆ ಅದೇ. ತಿಂಗಳುಗಟ್ಟಲೆ ಹಚ್ಚಿದ ಚರ್ಮ ತೆಳ್ಳಗಾಗಿರುತ್ತದೆ, ಲೋಷನ್ ತಾಗಿದರೆ ಉರಿದುಹೋಗುತ್ತದೆ.

ಹುಬ್ಬಿನಲ್ಲಿ ಹೊಟ್ಟು, ಎಕ್ಸಿಮಾ, ಸೋರಿಯಾಸಿಸ್, ಗಾಯ, ಬಿಸಿಲಿನ ಉರಿ ಇದ್ದರೆ ವಾಸಿಯಾಗುವವರೆಗೆ ಮುಂದೂಡಿ. ಮದ್ರಾಸ್ ಐ ಬಂದಿದ್ದರೆ ಪೂರ್ತಿ ಹೋಗಲಿ. ಕಣ್ಣಿನ ಆಪರೇಷನ್ ಆದವರು ಕಣ್ಣಿನ ಡಾಕ್ಟರು ಒಪ್ಪಿದ ಮೇಲೆಯೇ ಮಾಡಿಸಿ. ಮೈಕ್ರೋಬ್ಲೇಡಿಂಗ್ (ಹುಬ್ಬಿನ ಚರ್ಮವನ್ನು ಸಣ್ಣಗೆ ಗೀರಿ ಬಣ್ಣ ತುಂಬುವುದು) ಮಾಡಿಸಿಕೊಂಡವರು ಚರ್ಮ ಸಂಪೂರ್ಣ ಮಾಯುವ ತನಕ, ಅಂದರೆ ಕನಿಷ್ಠ ಆರು ವಾರ, ತಡೆಯಿರಿ. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಮುಂದೂಡುವುದೇ ಒಳ್ಳೆಯದು. ಕಾಯುವುದರಿಂದ ಹುಬ್ಬಿಗೇನೂ ನಷ್ಟವಿಲ್ಲ.

ಹಂತ 3: ದಿನದ ಲೆಕ್ಕ ಹಿಂದಿನಿಂದ ಹಾಕಿ

ಮದುವೆ ಭಾನುವಾರ ಎಂದುಕೊಳ್ಳಿ. ಶುಕ್ರವಾರ ಪಾರ್ಲರ್‌ಗೆ ಹೋಗಿ ಎಲ್ಲ ಒಟ್ಟಿಗೇ ಮುಗಿಸಿಬಿಡೋಣ ಎಂಬ ಯೋಚನೆಯೇ ಅರ್ಧ ತೊಂದರೆಗೆ ಮೂಲ. ಶನಿವಾರ ಅರಿಶಿನ ಶಾಸ್ತ್ರ. ಅರಿಶಿನ, ಎಣ್ಣೆ, ಬಿಸಿನೀರು, ಮೂರೂ ಹೊಸ ಹುಬ್ಬಿನ ಮೇಲೆ ಬೀಳುತ್ತವೆ.

ಮೊದಲ ಸಲ ಮಾಡಿಸುವವರಾದರೆ ಮದುವೆಗೆ ಎರಡೂವರೆ ತಿಂಗಳು ಮುಂಚೆ ಒಂದು ಸಲ ಮಾಡಿಸಿ ನೋಡಿ. ನಿಮ್ಮ ಕೂದಲಿಗೆ ಎಷ್ಟು ನಿಮಿಷ ಬೇಕಾಯಿತು ಎಂದು ಬರೆದಿಟ್ಟುಕೊಂಡರೆ ಎರಡನೇ ಸಲ ಲೆಕ್ಕ ತಪ್ಪುವುದಿಲ್ಲ. ಮದುವೆಗಾಗಿ ಮಾಡಿಸುವುದು 7ರಿಂದ 10 ದಿನ ಮೊದಲು. ಮೊದಲೆರಡು ದಿನ ಕೂದಲು ತೀರಾ ನೆಟ್ಟಗೆ, ಅಂಟಿಸಿದ ಹಾಗೆ ಕಾಣುತ್ತದೆ. ಆಮೇಲೆ ಸಡಿಲಗೊಂಡು ಮುಖಕ್ಕೆ ಹೊಂದಿಕೊಳ್ಳುತ್ತದೆ.

ಪ್ಯಾಚ್ ಟೆಸ್ಟ್ ಲ್ಯಾಮಿನೇಷನ್‌ಗಿಂತ ಮೂರು ದಿನ ಮೊದಲು. ಥ್ರೆಡ್ಡಿಂಗ್ ಅಥವಾ ವ್ಯಾಕ್ಸಿಂಗ್ ಬೇಕೇಬೇಕೆಂದರೆ ಅದೂ ಮೂರು ದಿನ ಮೊದಲೇ, ಆದರೆ ಮೂರ್ನಾಲ್ಕು ವಾರ ಬೆಳೆಸಿಕೊಂಡು ಹೋಗುವುದು ಎಲ್ಲಕ್ಕಿಂತ ಉತ್ತಮ.

ದೀಪಾವಳಿ, ಯುಗಾದಿಯ ಎಣ್ಣೆಸ್ನಾನದ ಹಿಂದಿನ ದಿನ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬರುವವರು ವಾಪಸು ಹೋಗುವಾಗ ಮಳೆ ಸಿಗುವುದನ್ನೂ ಲೆಕ್ಕ ಹಾಕಬೇಕು. ಸ್ಕೂಟರಿನಲ್ಲಿ ಬಂದರೆ ಕೆಲಸ ಕೆಟ್ಟ ಹಾಗೇ. ಬಸ್ಸಿನಲ್ಲೋ ಕಾರಿನಲ್ಲೋ ಬನ್ನಿ, ಅಗಲವಾದ ಕೊಡೆ ತನ್ನಿ.

ಹಂತ 4: ಪಾರ್ಲರ್‌ನಲ್ಲಿ ಕೇಳಬೇಕಾದ್ದು, ನೋಡಬೇಕಾದ್ದು

ರೇಟು ಕೇಳುವ ಮೊದಲು ಕಿಟ್ ತೋರಿಸಿ ಎನ್ನಿ. ತಿಳಿದವರಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಡಬ್ಬಿಯ ಮೇಲೆ ಬ್ಯಾಚ್ ನಂಬರ್, ತಯಾರಾದ ಮತ್ತು ಮುಗಿಯುವ ದಿನಾಂಕ, ಪದಾರ್ಥಗಳ ಪಟ್ಟಿ ಇರಬೇಕು. ಹೊರದೇಶದ ಕಿಟ್ ಆದರೆ ಆಮದು ಮಾಡಿದವರ ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕೆಂದು 2020ರ ಕಾಸ್ಮೆಟಿಕ್ಸ್ ನಿಯಮಗಳು ಹೇಳುತ್ತವೆ. ಬರೀ ಅರ್ಥವಾಗದ ಲಿಪಿಯ ಚೀಟಿ ಇರುವ ಆನ್‌ಲೈನ್ ಕಿಟ್ ಕಂಡರೆ ಎದ್ದು ಬನ್ನಿ.

ಲೋಷನ್ ಒಬ್ಬರಿಗೆ ಒಂದರಂತೆ ಬಳಸುವ ಸ್ಯಾಶೆಯಲ್ಲಿದ್ದರೆ ಒಳ್ಳೆಯದು. ಬಾಟಲಿಯಾದರೆ ಯಾವಾಗ ತೆರೆದದ್ದು ಎಂದು ಕೇಳಿ. ತೆರೆದ ಲೋಷನ್ ಗಾಳಿ ತಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಆಗ ‘ಹಿಡಿಯುತ್ತಿಲ್ಲ’ ಎಂದು ಇನ್ನೂ ಐದು ನಿಮಿಷ ಬಿಡುತ್ತಾರೆ, ತುದಿ ಸುರುಟಲು ಅದೇ ದಾರಿ.

ಕೇಳಲೇಬೇಕಾದ ಪ್ರಶ್ನೆಗಳು ಮೂರು. ಪ್ಯಾಚ್ ಟೆಸ್ಟ್ ಮಾಡುತ್ತೀರಾ? ಪ್ರತಿ ಲೋಷನ್ ಎಷ್ಟು ನಿಮಿಷ ಇಡುತ್ತೀರಿ? ಆಕಾರ ಕೊಡುವುದು ಮೊದಲೋ ಕೊನೆಗೋ? ‘ಎಲ್ಲರಿಗೂ ಹದಿನೈದು ನಿಮಿಷ’ ಎಂಬ ಉತ್ತರ ಬಂದರೆ ಬೇರೆ ಪಾರ್ಲರ್ ನೋಡಿ.

ಹಂತ 5: ಪ್ಯಾಚ್ ಟೆಸ್ಟ್

ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಕೂದಲನ್ನು ಕೂರಿಸುವ ಅಂಟು, ಎರಡು ಲೋಷನ್, ಟಿಂಟ್ ಹಾಕಿಸುವುದಾದರೆ ಡೆವಲಪರ್ (ಬಣ್ಣ ಹಿಡಿಸುವ ದ್ರವ) ಸೇರಿಸಿದ ಟಿಂಟ್, ಪ್ರತಿಯೊಂದನ್ನೂ ಬೇರೆ ಬೇರೆ ಜಾಗದಲ್ಲಿ ಕಡ್ಡಿಯ ತುದಿಯಷ್ಟು ಹಚ್ಚಬೇಕು. ಎಷ್ಟು ಹೊತ್ತು ಬಿಡಬೇಕೆಂದು ಕಿಟ್ಟಿನ ಚೀಟಿಯಲ್ಲಿರುತ್ತದೆ. ಎಲ್ಲವನ್ನೂ ಒಂದೇ ಚುಕ್ಕೆಯಲ್ಲಿ ಹಚ್ಚಿದರೆ ಯಾವುದು ಆಗದೆಂದು ಗೊತ್ತಾಗುವುದಿಲ್ಲ. ಗುರುತಿಗೆ ಪಕ್ಕದಲ್ಲಿ ಪೆನ್ನಿಂದ ಅಂಕಿ ಹಾಕಿ ಫೋಟೋ ತೆಗೆದುಕೊಳ್ಳಿ.

ಹತ್ತು ನಿಮಿಷ ನೋಡಿ ‘ಏನೂ ಆಗಲಿಲ್ಲ, ಕೂತ್ಕೊಳಿ’ ಎನ್ನುವುದು ಪ್ಯಾಚ್ ಟೆಸ್ಟ್ ಅಲ್ಲ. ಈ ಬಗೆಯ ಅಲರ್ಜಿ ಎರಡನೇ ದಿನವೋ ಮೂರನೇ ದಿನವೋ ಕಾಣಿಸಿಕೊಳ್ಳುತ್ತದೆ, ಅದಕ್ಕೇ ಕನಿಷ್ಠ 48 ಗಂಟೆ ಕಾಯುವುದು. ತುರಿಕೆ, ಕೆಂಪು, ಚಿಕ್ಕ ನೀರುಗುಳ್ಳೆ, ಯಾವುದು ಬಂದರೂ ಲ್ಯಾಮಿನೇಷನ್ ರದ್ದು. ಹಿಂದೆ ಮಾಡಿಸಿದಾಗ ಏನೂ ಆಗಿರಲಿಲ್ಲ ಎಂಬುದು ನೆಪವಾಗದು. ಅಲರ್ಜಿ ಎರಡನೇ, ಮೂರನೇ ಸಲವೂ ಹುಟ್ಟಿಕೊಳ್ಳಬಹುದು.

ಹಂತ 6: ಹಿಂದಿನ ದಿನ ಮತ್ತು ಹೊರಡುವ ಮುಂಚೆ

ಹುಬ್ಬು ದಟ್ಟವಾಗಲೆಂದು ರಾತ್ರಿ ಹರಳೆಣ್ಣೆ ಹಚ್ಚುವ ಅಭ್ಯಾಸವಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗಿಳಿದಿದ್ದರೂ ಲೋಷನ್ ಸರಿಯಾಗಿ ಹಿಡಿಯದು. ತಲೆ ತೊಳೆದುಕೊಂಡೇ ಹೋಗಿ, ಮುಂದಿನ ದಿನ ತೊಳೆಯುವ ಹಾಗಿಲ್ಲವಲ್ಲ.

ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಟ್ಟು ಕನ್ನಡಕ ಹಾಕಿಕೊಳ್ಳಿ. ಹುಬ್ಬಿಗೆ ಪೆನ್ಸಿಲ್, ಮುಖಕ್ಕೆ ಸನ್‌ಸ್ಕ್ರೀನ್ ಬೇಡ.

ಹಂತ 7: ಕುರ್ಚಿಯಲ್ಲಿ ಕೂತಾಗ ನಡೆಯಬೇಕಾದ ಕ್ರಮ

ಒಟ್ಟು 45 ನಿಮಿಷದಿಂದ ಒಂದು ಗಂಟೆ ಹಿಡಿಯುತ್ತದೆ. ಇಪ್ಪತ್ತೇ ನಿಮಿಷದಲ್ಲಿ ಮುಗಿದರೆ ಏನೋ ಬಿಟ್ಟುಹೋಗಿದೆ. ಕಣ್ಣು ಮುಚ್ಚಿರುವುದರಿಂದ ನಿಮಗೆ ಕಾಣುವುದಿಲ್ಲ, ಆದ್ದರಿಂದ ಕ್ರಮ ಮೊದಲೇ ತಿಳಿದಿರಲಿ. ಮೊಬೈಲಿನಲ್ಲಿ ಟೈಮರ್ ಇಟ್ಟು ಜೋರಾಗಿ ಹೇಳಿ ಎಂದು ಕೇಳಿಕೊಳ್ಳಿ.

*ಒಂದು, ಶುಚಿ.* ಎಣ್ಣೆಯಿಲ್ಲದ ಕ್ಲೆನ್ಸರಿನಿಂದ ಒರೆಸಿ ಪೂರ್ತಿ ಒಣಗಿಸಬೇಕು. ಒದ್ದೆ ಕೂದಲಿನಲ್ಲಿ ಅಂಟು ಜಾರುತ್ತದೆ, ಲೋಷನ್ ತೆಳುವಾಗುತ್ತದೆ.

*ಎರಡು, ಅಂಟು ಮತ್ತು ದಿಕ್ಕು.* ತೆಳ್ಳಗೆ ಅಂಟು ಹಚ್ಚಿ, ಕೂದಲನ್ನು ಒಂದೊಂದಾಗಿ ಬಿಡಿಸಿ, ಚರ್ಮಕ್ಕೆ ಒತ್ತಿ ಕೂರಿಸುತ್ತಾರೆ. ಇಡೀ ಕೆಲಸದ ಅಂದ ಇಲ್ಲಿದೆ. ಮೂಗಿನ ಬದಿಯ ಕೂದಲು ಬಹುತೇಕ ನೇರ ಮೇಲಕ್ಕೆ, ನಡುವಿನವು ಓರೆಯಾಗಿ, ತುದಿಯವು ಕಿವಿಯ ಕಡೆಗೆ ಮಲಗಬೇಕು. ತುದಿಯನ್ನೂ ನೆಟ್ಟಗೆ ನಿಲ್ಲಿಸಿದರೆ ಆರು ವಾರ ಬೆಚ್ಚಿಬಿದ್ದ ಮುಖ. ಒಂದರ ಮೇಲೊಂದು ಅಡ್ಡಬಿದ್ದ ಕೂದಲು ಹಾಗೇ ಗಟ್ಟಿಯಾಗುತ್ತದೆ, ಆಮೇಲೆ ಬಾಚಿದರೆ ಬರುವುದಿಲ್ಲ. ಈ ಘಟ್ಟದಲ್ಲಿ ಕನ್ನಡಿ ಕೊಡಿ ಎಂದು ಕೇಳಿ. ಇಲ್ಲಿಯವರೆಗೆ ಎಲ್ಲವನ್ನೂ ತೊಳೆದು ಮತ್ತೆ ಶುರು ಮಾಡಬಹುದು, ಮುಂದಕ್ಕೆ ಆಗದು.

*ಮೂರು, ಮೊದಲ ಲೋಷನ್.* ಬುಡ ಮತ್ತು ನಡುಭಾಗಕ್ಕೆ ಮಾತ್ರ, ತುದಿಯ ಒಂದೆರಡು ಮಿಲಿಮೀಟರ್ ಬಿಟ್ಟು. ತುದಿ ಹಳೆಯ ಕೂದಲು, ತೆಳ್ಳಗಿರುತ್ತದೆ, ಮೊದಲು ಸುಡುವುದೂ ಅದೇ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಸಮಯಕ್ಕೆ ಕಿಟ್ಟಿನ ಚೀಟಿಯೇ ಪ್ರಮಾಣ. ಸಾಮಾನ್ಯವಾಗಿ ತೆಳು ಕೂದಲಿಗೆ 4ರಿಂದ 6 ನಿಮಿಷ, ಸಾಧಾರಣ ಕೂದಲಿಗೆ 6ರಿಂದ 8, ದಪ್ಪ ಒರಟು ಕೂದಲಿಗೆ 8ರಿಂದ 10. ಸಿಸ್ಟಿಯಮೀನ್ ಲೋಷನ್ ಥಯೋಗ್ಲೈಕೋಲೇಟ್‌ಗಿಂತ ಸೌಮ್ಯ, ಸ್ವಲ್ಪ ನಿಧಾನ. ಡೈ ಹಾಕಿದ ಹುಬ್ಬಾದರೆ ಕಡಿಮೆ ಸಮಯದಿಂದ ಶುರು ಮಾಡಬೇಕು.

ನಾಲ್ಕನೇ ನಿಮಿಷಕ್ಕೆ ಹಾಳೆ ಎತ್ತಿ ಒಂದೆರಡು ಕೂದಲನ್ನು ಬ್ರಶ್ಶಿನಿಂದ ತಳ್ಳಿ ನೋಡಬೇಕು. ತಳ್ಳಿದ ಕಡೆ ಮೆತ್ತಗೆ ನಿಂತರೆ ಸಾಕಾಯಿತು, ಹಿಂದಕ್ಕೆ ಚಿಮ್ಮಿದರೆ ಇನ್ನೊಂದೆರಡು ನಿಮಿಷ. ಈ ಒಂದು ಪರೀಕ್ಷೆ ಮಾಡುವವರಿಗೂ ಮಾಡದವರಿಗೂ ಇರುವ ವ್ಯತ್ಯಾಸವೇ ನಿಮ್ಮ ಹುಬ್ಬಿನಲ್ಲಿ ಕಾಣುವುದು. ಸ್ಟೀಮರ್, ಹೇರ್ ಡ್ರೈಯರ್ ಹಿಡಿದು ಬೇಗ ಮುಗಿಸಲು ಬಿಡಬೇಡಿ. ಕಾವು ರಸಾಯನವನ್ನು ಓಡಿಸುತ್ತದೆ, ಲೆಕ್ಕ ಕೈತಪ್ಪುತ್ತದೆ.

ಕೊಳೆತ ಮೊಟ್ಟೆಯಂಥ ವಾಸನೆ ಸಹಜ, ಸ್ವಲ್ಪ ಚುಮುಚುಮು ಅನ್ನಿಸುವುದೂ ಸಹಜ. ಉರಿ ಮಾತ್ರ ಸಹಜವಲ್ಲ. ಉರಿದರೆ ಸಹಿಸಿಕೊಂಡು ಕೂರಬೇಡಿ, ಕೂಡಲೇ ಒರೆಸಿ ಎನ್ನಿ. ಲೋಷನ್ ಕಣ್ಣಿಗೆ ಇಳಿದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಕಣ್ಣಿನ ಡಾಕ್ಟರ ಬಳಿಗೆ.

*ನಾಲ್ಕು, ಎರಡನೆಯ ಲೋಷನ್.* ಮೊದಲನೆಯದನ್ನು ಒಣ ಹತ್ತಿಯಿಂದ ಪೂರ್ತಿ ತೆಗೆದು, ಕೂದಲನ್ನು ಅದೇ ದಿಕ್ಕಿನಲ್ಲಿ ಮತ್ತೆ ಕೂರಿಸಿ ಹಚ್ಚುತ್ತಾರೆ. ಸಮಯ ಸಾಮಾನ್ಯವಾಗಿ 5ರಿಂದ 8 ನಿಮಿಷ. ಹೊರಗೆ ಗಿರಾಕಿಗಳು ಕಾಯುತ್ತಿದ್ದರೆ ಮೊಟಕಾಗುವುದು ಇದೇ. ಬಂಧಗಳು ಅರ್ಧಂಬರ್ಧ ಕಟ್ಟಿಕೊಂಡು, ಎರಡೇ ದಿನಕ್ಕೆ ಹುಬ್ಬು ಬೀಳುತ್ತದೆ.

*ಐದು, ಟಿಂಟ್, ಬೇಕಾದರೆ ಮಾತ್ರ.* ಲೋಷನ್ ತಾಗಿದ ಕೂದಲು ಬಣ್ಣವನ್ನು ಬೇಗ ಹೀರುತ್ತದೆ. ಎರಡು ನಿಮಿಷಕ್ಕೇ ಒರೆಸಿ ನೋಡಲಿ. ಕಡುಗಪ್ಪಿಗಿಂತ ಒಂದು ಮೆಟ್ಟಿಲು ತಿಳಿಯಾದ ಕಂದು ನಮ್ಮ ಕಡೆಯ ಮೈಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ.

*ಆರು, ಮೂರನೇ ಲೋಷನ್ ಮತ್ತು ಆಕಾರ.* ಕೆರಾಟಿನ್ ಅಥವಾ ಎಣ್ಣೆಯಂಶದ ಲೋಷನ್ ಹಚ್ಚಿ ಅಂಟಿನ ಉಳಿಕೆ ತೆಗೆಯುತ್ತಾರೆ. ಆಕಾರಕ್ಕೆ ಬೇಡವಾದ ಕೂದಲನ್ನು ಕೊನೆಯಲ್ಲಿ ಚಿಮಟದಿಂದ ಒಂದೊಂದೇ ತೆಗೆಯಬೇಕು. ದಾರ, ವ್ಯಾಕ್ಸ್ ಈ ದಿನ ಮುಟ್ಟಲೇಬಾರದು. ಕೂದಲು ಹೊಸ ದಿಕ್ಕಿಗೆ ತಿರುಗಿದ ಮೇಲಷ್ಟೇ ಯಾವುದು ಹೆಚ್ಚು, ಯಾವುದು ಬೇಕು ಎಂಬುದು ಗೊತ್ತಾಗುತ್ತದೆ. ಮೊದಲೇ ಕಿತ್ತರೆ ಬೇಕಾದದ್ದೂ ಹೋಗಿರುತ್ತದೆ.

ಹಂತ 8: ಮೊದಲ 24 ಗಂಟೆ

ನೀರು ಬೇಡ, ಆವಿ ಬೇಡ, ಬೆವರು ಬೇಡ, ಒತ್ತಡ ಬೇಡ. ಮುಖವನ್ನು ಒದ್ದೆ ಬಟ್ಟೆಯಿಂದ ಹುಬ್ಬು ಬಿಟ್ಟು ಒರೆಸಿಕೊಳ್ಳಿ. ಕಡುಬು ಬೇಯುವ ಪಾತ್ರೆಯ ಮುಚ್ಚಳ ತೆಗೆಯುವ ಕೆಲಸ ಅವತ್ತು ಬೇರೆಯವರದ್ದಾಗಲಿ. ಜಿಮ್, ಯೋಗ ಒಂದು ದಿನ ಬಿಟ್ಟರೇನೂ ಆಗದು. ಬೋರಲು ಮಲಗಬೇಡಿ. ಬಿಗಿ ಹೆಲ್ಮೆಟ್ಟಿನ ಅಂಚು ಹುಬ್ಬಿಗೆ ಒತ್ತುವುದರಿಂದ ಆಟೋ ಹಿಡಿಯಿರಿ. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವ ಯೋಚನೆ ಬೇಡ.

ಬೆಳಿಗ್ಗೆ ಎದ್ದಾಗ ಕೂದಲು ಒಂದು ಕಡೆ ವಾಲಿದ್ದರೆ ಒಣ ಬ್ರಶ್ಶಿನಿಂದ ಮೆಲ್ಲಗೆ ಬಾಚಿ. ನೀರು ಹಚ್ಚಿ ತೀಡಬೇಡಿ.

ಹಂತ 9: ಮುಂದಿನ ವಾರಗಳು

ಎರಡನೇ ದಿನದಿಂದ ರಾತ್ರಿ ಒಂದು ಹನಿ ಹರಳೆಣ್ಣೆಯೋ ಬಾದಾಮಿ ಎಣ್ಣೆಯೋ ಸಾಕು, ಕೂದಲು ಒಣಗದಂತೆ ನೋಡಿಕೊಳ್ಳುತ್ತದೆ. ರೆಟಿನಾಲ್ ಮತ್ತು ಸ್ಕ್ರಬ್ ಒಂದು ವಾರ ದೂರ. ಬೆಳಿಗ್ಗೆ ಬ್ರಶ್ಶಿನಿಂದ ಬಾಚುವುದು ದಿನವೂ ಇರಲಿ. ಲ್ಯಾಮಿನೇಷನ್ ಅಂದರೆ ಬಾಚುವುದೇ ಬೇಡ ಎಂದುಕೊಂಡವರು ಬಹಳ.

ಫಲ ನಿಲ್ಲುವುದು ನಾಲ್ಕರಿಂದ ಎಂಟು ವಾರ. ಹಳೆ ಕೂದಲು ಉದುರಿ ಹೊಸದು ತನ್ನ ಹಳೇ ದಿಕ್ಕಿನಲ್ಲೇ ಬರುತ್ತದೆ. ಎಂಟು ವಾರದೊಳಗೆ ಮತ್ತೆ ಮಾಡಿಸುವುದು ಬೇಡ, ಒಮ್ಮೆ ಲೋಷನ್ ಕುಡಿದ ಕೂದಲಿಗೇ ಮತ್ತೆ ಕುಡಿಸಿದಂತಾಗುತ್ತದೆ.

ಕೆಟ್ಟರೆ ಏನು ಮಾಡಬೇಕು

ಕೂದಲು ಬಿದ್ದುಹೋಗಿದ್ದರೆ ಮರುದಿನವೇ ‘ಫ್ರೀಯಾಗಿ ಮತ್ತೆ ಮಾಡಿಕೊಡುತ್ತೇವೆ’ ಎಂಬ ಮಾತಿಗೆ ಒಪ್ಪಬೇಡಿ. ಬ್ರೋ ಜೆಲ್ ಹಚ್ಚಿ ದಿನ ತಳ್ಳಿ, ಎಂಟು ವಾರ ಕಳೆಯಲಿ.

ತುದಿ ಸುರುಟಿ, ಮುಟ್ಟಿದರೆ ಹುಲ್ಲಿನಂತೆ ಒರಟಾಗಿದ್ದರೆ ಕೂದಲು ಅತಿಯಾಗಿ ಬೆಂದಿದೆ. ಯಾವ ಎಣ್ಣೆ, ಯಾವ ಸೀರಮ್ಮೂ ಒಡೆದ ಬಂಧಗಳನ್ನು ಕೂಡಿಸಲಾರದು. ಎಣ್ಣೆ ಹಚ್ಚಿದರೆ ಒರಟು ಸ್ವಲ್ಪ ಮರೆಯಾಗುತ್ತದೆ, ಅಷ್ಟೇ. ಸುರುಟಿದ ತುದಿಯನ್ನು ಸಣ್ಣ ಕತ್ತರಿಯಿಂದ ಒಂದೊಂದಾಗಿ ಟ್ರಿಮ್ ಮಾಡಿಸಿ, ಖಾಲಿ ಕಂಡಲ್ಲಿ ಪೆನ್ಸಿಲ್ ಎಳೆದು, ಹೊಸ ಕೂದಲು ಬರುವವರೆಗೆ ಕಾಯಬೇಕು. ಕೀಳಬೇಡಿ, ಬುಡ ಚೆನ್ನಾಗಿಯೇ ಇರುತ್ತದೆ.

ಕೆಂಪು ಒಂದು ದಿನದಲ್ಲಿ ಇಳಿಯದಿದ್ದರೆ, ನೀರುಗುಳ್ಳೆ ಎದ್ದರೆ, ರೆಪ್ಪೆ ಊದಿದರೆ, ಕೀವು ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ತುರ್ತು ಚಿಕಿತ್ಸೆಗೆ ಓಡಿ. ಮನೆಯಲ್ಲಿದ್ದ ಸ್ಟಿರಾಯ್ಡ್ ಟ್ಯೂಬನ್ನು ನೀವೇ ಹಚ್ಚಿಕೊಳ್ಳಬೇಡಿ. ಹೋಗುವಾಗ ಕಿಟ್ಟಿನ ಡಬ್ಬಿಯ ನಾಲ್ಕೂ ಬದಿಯ ಫೋಟೋ ತೆಗೆದುಕೊಂಡು ಹೋದರೆ ಯಾವುದಕ್ಕೆ ಅಲರ್ಜಿಯಾಯಿತೆಂದು ಡಾಕ್ಟರಿಗೆ ಹುಡುಕಲು ಸುಲಭ. ಅದೇ ಫೋಟೋ ಮತ್ತು ಬಿಲ್ಲು ಇದ್ದರೆ ಪಾರ್ಲರ್‌ನವರು ಕೈತೊಳೆದುಕೊಂಡಾಗ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡಬಹುದು. ದುಡ್ಡು ಕೊಟ್ಟಾಗಲೇ ಬಿಲ್ಲು ಕೇಳಿ ಪಡೆಯಿರಿ, ವಾರ ಬಿಟ್ಟು ಕೇಳಿದರೆ ಸಿಗುವುದು ಕಷ್ಟ.